ಒಂದೇ ಒಂದು ಕೂದಲು

ನನ್ನ ಹೆಬ್ಬೆರಳ ಮೇಲೆ ಒಂದು ನರಹುಲಿ ಎದ್ದಿದೆ. ಗಾತ್ರ ತೊಗರಿ ಕಾಳಿನಷ್ಟು. ಅದಕ್ಕೆ ಬಂದ ಸಲಹೆಗಳು ಮಾತ್ರ ಚೀಲಗಟ್ಟಲೆ. ಸುಣ್ಣ ಹಚ್ಚಿ ಎಂದವರಿದ್ದಾರೆ, ಬೆಳ್ಳುಳ್ಳಿ ತಿಕ್ಕಿ ಎಂದವರಿದ್ದಾರೆ. (ಡಾಕ್ಟರಿಗೆ ತೋರಿಸಿ ಎಂದವರು ಒಬ್ಬರೂ ಇಲ್ಲ. ಅಷ್ಟು ಸಪ್ಪೆ ಸಲಹೆ ಕೊಡಲು ಯಾರಿಗೆ ಮನಸ್ಸು ಬರುತ್ತದೆ ಹೇಳಿ?)

ಕೊನೆಗೆ ಗೆದ್ದದ್ದು ಪ್ರಕಾಶನ ಸಲಹೆ. ಸೋಲಾಪುರದ ನಮ್ಮ ಆಫೀಸಿನಲ್ಲಿ ಅವನದು ನನ್ನ ಪಕ್ಕದ ಟೇಬಲ್. ತನ್ನ ತಲೆಗೂದಲ ಮೇಲೆ ಅವನಿಗೆ ವಿಪರೀತ ಪ್ರೀತಿ. ಜೇಬಿನಲ್ಲಿ ಪೆನ್ನು ಇಲ್ಲದಿದ್ದರೂ ಬಾಚಣಿಗೆ ಇರುತ್ತದೆ.

"ಸಾಹೇಬ್ರ, ಕುದರಿ ಕೂದ್ಲಾ ತಂದು ಬಿಗಿದು ಕಟ್ರಿ. ಏಕದಮ್ ಉದುರಿ ಬೀಳ್ತದ," ಎಂದ. "ಆದ್ರ ಜೀವಂತ ಕುದರೀದು, ಕಿತ್ತಿದ್ದೇ ಆಗಬೇಕು. ತಾನಾಗೇ ಉದುರಿದ್ದು ನಡಿಯಂಗಿಲ್ಲ."

ಯಾಕೆ ನಡೆಯುವುದಿಲ್ಲ ಎಂದು ನಾನೂ ಕೇಳಲಿಲ್ಲ ನೋಡಿ. ನನ್ನ ತಲೆಯಲ್ಲಿ ಆಗಲೇ ಅಕ್ಕನ ಕುದುರೆ ಓಡತೊಡಗಿತ್ತು.

ಅಕ್ಕನನ್ನು ಕೊಟ್ಟಿರುವುದು ಕುರನೂರಿಗೆ. ಹೋದ ವರ್ಷ ಭಾವ ಅಲ್ಲಿಗೊಂದು ಹೆಣ್ಣು ಕುದುರೆ ತಂದರು. ಹೆಸರು ಮೈನಾ. ಅದಕ್ಕೂ ಮೊದಲು ಅದು ಅಕ್ಕಲಕೋಟೆಯಲ್ಲಿ, ಊರು ನೋಡಲು ಬಂದವರ ಮಕ್ಕಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಸುತ್ತು ಹಾಕುತ್ತಿತ್ತು. ಮನೆಯ ಕುದುರೆ, ಒಂದು ಕೂದಲಿಗೆ ಯಾರು ಬೇಡ ಅನ್ನುತ್ತಾರೆ? ಭಾನುವಾರ ಬೆಳಿಗ್ಗೆಯೇ ಬಸ್ಸು ಹತ್ತಿದೆ. ಕುಂಭಾರಿ ದಾಟಿದ ಮೇಲೆ ಸೀಟೂ ಸಿಕ್ಕಿತು. ಎಲ್ಲ ಶುಭಶಕುನವೇ.

ನಾನು ಹೋದಾಗ ಅಕ್ಕ ಬೇವಿನ ಮರದ ಕೆಳಗೆ ಮೈನಾಳ ಪಕ್ಕ ನಿಂತಿದ್ದಳು. ಕೈಯಲ್ಲಿ ಕೊಬ್ಬರಿ ಎಣ್ಣೆಯ ಬಟ್ಟಲು. ಚಹಾಕ್ಕೂ ಮೊದಲೇ ಬೆರಳು ತೋರಿಸಿ ವಿಷಯ ಹೇಳಿದೆ. "ಒಂದೇ ಒಂದು ಕೂದ್ಲಾ ಸಾಕಕ್ಕಾ."

"ಎಲ್ಲಾರೂ ಒಂದೇ ಕೇಳ್ಯಾರಪ್ಪ ತಮ್ಮಾ," ಎಂದಳು. "ಬಾ, ಈ ಕಡಿ ಬಂದು ನೋಡು."

ನೋಡಿದೆ. ಮೈನಾಳ ಕುತ್ತಿಗೆಯ ಎಡಗಡೆ ಅಲ್ಲಲ್ಲಿ ಕೂದಲೇ ಇಲ್ಲ. ಅಕ್ಕಲಕೋಟೆಯಲ್ಲಿ ಬಂದವರೆಲ್ಲ ಕಿತ್ತಿದ್ದಾರೆ: ನರಹುಲಿಗೆ ಒಂದು, ದೃಷ್ಟಿ ತೆಗೆಯಲು ಒಂದು, ಮಗುವಿನ ಕೈಗೆ ಕಟ್ಟಲು ಒಂದು. ಬಾಲಕ್ಕೆ ಕೈ ಹಾಕಿದರೆ ಒದೆ ಬೀಳುತ್ತದೆ ಎಂದು ಎಲ್ಲರೂ ಕುತ್ತಿಗೆಗೇ ಕೈ ಹಾಕಿದ್ದಾರೆ. (ನಮ್ಮ ಭಕ್ತಿಗೂ ಲೆಕ್ಕಾಚಾರ ಇದೆ.) ಆಮೇಲೆ ಮೈನಾ ಯಾರನ್ನೂ ಕುತ್ತಿಗೆಯ ಹತ್ತಿರ ಬಿಟ್ಟುಕೊಂಡಿಲ್ಲ. ಬಾಚುವವರಿಲ್ಲದೆ ಉಳಿದ ಕೂದಲು ಮುಳ್ಳುಕಾಯಿ ಸಿಕ್ಕಿಕೊಂಡು ಜಡೆಗಟ್ಟಿತ್ತು.

ಅಕ್ಕ ತಿಂಗಳುಗಟ್ಟಲೆ ಕೂತು ಒಂದೊಂದೇ ಜಡೆ ಬಿಡಿಸಿದ್ದಳು. ಉಳಿದದ್ದು ಕಿವಿಯ ಹಿಂದಿನ ಒಂದು ಗಂಟು. ಅದರ ಕೆಳಗೆ ಚರ್ಮ ಕೆಂಪಾಗಿ ನೊಣ ಕೂರುತ್ತಿತ್ತು. ಭಾವನ ತಾಳ್ಮೆ ಮುಗಿದಿತ್ತು.

"ನಾಳಿ ಮಷೀನಿನಾಂವ ಬರ್ತಾನ. ಪೂರಾ ಬೋಳಿಸಿಬಿಡ್ತೀನಿ," ಎಂದರು. "ಗಾಯ ಆಗಾಕತ್ತದ. ಎಷ್ಟು ದಿನ ಕಾಯೂದು?"

ಭಾವನ ಮಾತಿನಲ್ಲಿ ತಪ್ಪೇನಿದೆ ಅನಿಸಿತು ನನಗೆ. ಹೇಗೂ ಮತ್ತೆ ಬೆಳೆಯುವ ಕೂದಲು. ಹಾಗೆಂದು ಹೇಳಿಯೂ ಬಿಟ್ಟೆ.

ಅಕ್ಕ ಸಿಡಿದಳು. "ಬೋಳಿಸಬೇಕಂದ್ರ ಈಕಿ ಕಾಲು ಕಟ್ಟಬೇಕು, ತುಟಿಗಿ ಹಗ್ಗ ಹಾಕಿ ತಿರುವಬೇಕು. ಒಮ್ಮಿ ಹಂಗ ಮಾಡಿದ್ರ ಮುಗೀತು, ಮತ್ತ ನನ್ನ ಹತ್ರ ಬರಂಗಿಲ್ಲ. ಇನ್ನ ಕೂದ್ಲಾ ತಗದ್ರ ನೊಣ ಹ್ಯಾಂಗ ಹೊಡಕೋಬೇಕು? ಈಕೀಗಿ ಕೈ ಅದಾವೇನು?"

ಭಾವ ಸಂಜೆಯವರೆಗೆ ಗಡುವು ಕೊಟ್ಟು ಹೊಲಕ್ಕೆ ಹೋದರು.

ಅಕ್ಕ ಗಂಟಿಗೆ ಎಣ್ಣೆ ಹಚ್ಚಿದಳು. ಒಂದು ಕೈಯಲ್ಲಿ ಕೂದಲನ್ನು ಬುಡದ ಹತ್ತಿರ ಗಟ್ಟಿಯಾಗಿ ಹಿಡಿದಳು, ಎಳೆತ ಚರ್ಮಕ್ಕೆ ತಾಗಬಾರದಲ್ಲ. ಇನ್ನೊಂದು ಕೈಯ ಬೆರಳುಗಳಿಂದ ತುದಿಯಿಂದ ಬಿಡಿಸುತ್ತ ಬಂದಳು. ಮೈನಾ ಕಿವಿ ಹಿಂದಕ್ಕೆ ಮಡಚಿದರೆ ಕೆಲಸ ಬಂದ್. ಭುಜ ಸವರುವುದು, ಏನೋ ಮಾತಾಡುವುದು, ಕಿವಿ ಮುಂದೆ ಬಂದ ಮೇಲೆ ಮತ್ತೆ ಶುರು.

"ಮೊದಲ ನಾನೂ ಬಾಚಣಿಗಿ ಹಾಕಿ ದರದರ ಎಳದೆ," ಎಂದಳು. "ಭಾಳ ದಿನ ನನ್ನ ಮಾರಿ ಸೈತ ನೋಡಲಿಲ್ಲ ಈಕಿ."

ನಡುವೆ ಎಣ್ಣೆ ಮುಗಿಯಿತು. ತರಲು ಅಕ್ಕ ಒಳಗೆ ಹೋದಳು. ಈಗ ಮೈನಾ ಮತ್ತು ನಾನು. ಕಣ್ಣೆದುರಿಗೇ ಉದ್ದದ, ಕಪ್ಪನೆಯ ಕೂದಲು. ಒಂದೇ ತಾನೇ? ಅಕ್ಕನಿಗೆ ಗೊತ್ತೂ ಆಗುವುದಿಲ್ಲ. ಕೈ ಎತ್ತಿದೆ.

ಮೈನಾ ಒದೆಯಲಿಲ್ಲ, ಕಚ್ಚಲಿಲ್ಲ. ನಿಂತಲ್ಲೇ ನಿಂತಿತ್ತು. ಆದರೆ ನನ್ನ ಕೈ ತಾಗುವ ಮೊದಲೇ ಅದರ ಕುತ್ತಿಗೆಯ ಚರ್ಮ ಸಣ್ಣಗೆ ನಡುಗಿತು. ಎಷ್ಟು ಕೈ ಬಂದು ಹೋದ ಮೇಲೆ ಚರ್ಮ ಅದನ್ನು ಕಲಿತಿರಬೇಕು? ನನಗೆ ನಿಜಕ್ಕೂ ನಾಚಿಕೆಯಾಯಿತು. ಕೈ ಇಳಿಸಿ ಜೇಬಿಗೆ ಹಾಕಿಕೊಂಡೆ.

ಬಿಸಿಲು ಇಳಿಯುವ ಹೊತ್ತಿಗೆ ಕೊನೆಯ ಎಳೆ ಬಿಡಿಸಿಕೊಂಡಿತು. ಅಕ್ಕ ಏರುಪೇರಾದ ತುದಿಗಳನ್ನಷ್ಟೇ ಕತ್ತರಿಯಿಂದ ಸರಿ ಮಾಡಿದಳು. ಕೆಂಪಾದ ಜಾಗವನ್ನು ತೊಳೆದು ಔಷಧ ಸವರಿದಳು. ಮೈನಾ ತಲೆ ತಗ್ಗಿಸಿ ಅವಳ ಹೆಗಲ ಮೇಲಿಟ್ಟಿತು. ಭಾವ ಬಂದು ನೋಡಿದರು, ಸುತ್ತು ಹಾಕಿ ನೋಡಿದರು, ಫೋನು ತೆಗೆದು "ನಾಳಿ ಬರಬ್ಯಾಡಪ್ಪ" ಎಂದರು. ಅಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆಮೇಲೆ ತನ್ನ ಬೆರಳಿಗೆ ಅಂಟಿದ್ದ ಒಂದು ಉದುರು ಕೂದಲನ್ನು ಕಾಗದದಲ್ಲಿ ಸುತ್ತಿ ನನಗೆ ಕೊಟ್ಟಳು.

ಬಸ್ಸಿನಲ್ಲಿ ಅದೇ ಯೋಚನೆ. ನಾವು ಯಾರಲ್ಲೂ ಜಾಸ್ತಿ ಕೇಳುವುದೇ ಇಲ್ಲ. ಒಂದೇ ನಿಮಿಷ, ಒಂದೇ ಸಹಿ, ಒಂದೇ ಸೆಲ್ಫಿ, ಒಂದೇ ಕೂದಲು. ಕೇಳುವ ನಮಗೆ ಅದು ಒಂದೇ. ಕೊಡುವವರಿಗೆ? ಮತ್ತೆ, ಉದುರಿದ್ದು ನಡೆಯದು, ಕಿತ್ತಿದ್ದೇ ಬೇಕು ಎನ್ನುವುದು ಯಾವ ಸೀಮೆಯ ಮದ್ದು? ಇನ್ನೊಂದು ಜೀವಕ್ಕೆ ನೋಯದಿದ್ದರೆ ನಮಗೆ ಗುಣವಾಗುವುದಿಲ್ಲವೇ?

ಸೋಮವಾರ ಪ್ರಕಾಶ ಕಾಗದ ಬಿಚ್ಚಿ ನೋಡಿದ. "ಕಿತ್ತಿದ್ದೋ, ಉದುರಿದ್ದೋ?"

"ಉದುರಿದ್ದು."

"ಹಂಗಾದ್ರ ಉಪಯೋಗಿಲ್ಲರಿ. ಕಿತ್ತಿದ್ದೇ ಬೇಕು."

"ಕಿತ್ತಿದ್ದೇ ಬೇಕಂದ್ರ ನಿನ್ನ ತಲ್ಯಾಗಿಂದು ಕೊಡಪ್ಪ," ಎಂದು ಕೈ ಚಾಚಿದೆ. "ಒಂದೇ ಒಂದು."

ಪ್ರಕಾಶನ ಎರಡೂ ಕೈ ತಟ್ಟನೆ ತಲೆಗೆ ಹೋದವು.

ಪಾಪ, ಮೈನಾಗೆ ಕೈಗಳಿಲ್ಲ.