ಗೆರ್ವೇಸಣ್ಣನ ಮೋಟಾರ್‌ಸೈಕಲ್ ಎದ್ದು ಬಂದ ಭಾನುವಾರ

ಮೋಟಾರ್‌ಸೈಕಲ್ ಸತ್ತಿದೆ ಎಂದು ಯಾರಾದರೂ ಅಂದರೆ ನಮ್ಮ ಉಪದೇಶಿ ಗೆರ್ವೇಸಣ್ಣ ಒಪ್ಪುತ್ತಿರಲಿಲ್ಲ. ಮಲಗಿದೆ ಅಷ್ಟೇ ಎನ್ನುತ್ತಿದ್ದ. ಅವನ ಅಂಗಳದ ಶಿಯಾ ಮರದಡಿ ಅದು ಮಲಗಿ ಎರಡು ಮಳೆಗಾಲ ಕಳೆದಿತ್ತು. ಸೀಟಿನ ಹರಿದ ಹೊಟ್ಟೆಯೊಳಗೆ ಗಿನಿಕೋಳಿಯೊಂದು ಮರಿ ಮಾಡಿತ್ತು. ಆ ಮರಿಗಳೂ ದೊಡ್ಡವಾಗಿ, ತವರುಮನೆಯೆಂಬ ಸಲಿಗೆಯಲ್ಲಿ ಅಲ್ಲೇ ಮೊಟ್ಟೆ ಇಡತೊಡಗಿದ್ದವು.

ಅದನ್ನು ಗೆರ್ವೇಸಣ್ಣ ಊರು ಬಿಟ್ಟು ಹೋಗುತ್ತಿದ್ದ ಒಬ್ಬ ಗುರುಗಳಿಂದ ಕೊಂಡಿದ್ದ. ಅದರ ಮೇಲೆ ಕೂತು ಹಳ್ಳದಾಚೆಯ ನಮ್ಮ ಹಳ್ಳಿ ಬೂಪಾರೆಗೆ ಭಾನುವಾರ ಬಂದು ಪ್ರಾರ್ಥನೆ ನಡೆಸುತ್ತಿದ್ದ. ಪ್ರಾರ್ಥನೆ ಚಿಕ್ಕದು, ಆಮೇಲಿನ ಕುಶಲ ವಿಚಾರಣೆ ದೊಡ್ಡದು. ಒಬ್ಬೊಬ್ಬರ ಮಂಡಿನೋವು, ಸೊಸೆ, ಮೇಕೆ, ಮೇಕೆಯ ಮಂಡಿನೋವು ಎಲ್ಲ ಕೇಳಿಯೇ ಏಳುತ್ತಿದ್ದ. ಗಾಡಿ ಮಲಗಿದ ಮೇಲೆ ಫಾದರ್ ಇನ್ನೊಬ್ಬ ಉಪದೇಶಿಯನ್ನು ಕಳಿಸಿದರು. ಅವನದು ಹೊಸ ಗಾಡಿ. ಎಂಜಿನ್ ಆರಿಸದೆಯೇ ನಮ್ಮನ್ನು ಆಶೀರ್ವದಿಸಿ ಹೋಗುತ್ತಿದ್ದ.

ಆ ವರ್ಷದ ಉಪವಾಸದ ತಪಸ್ಸುಕಾಲದಲ್ಲಿ ಫಾದರ್ ಗೆರ್ವೇಸಣ್ಣನನ್ನು ಕರೆಸಿ, ತಾಳೆಗರಿ ಬೀಸುವ ಗರಿಗಳ ಭಾನುವಾರದೊಳಗೆ ಸ್ವಂತ ಗಾಡಿಯಲ್ಲಿ ಬೂಪಾರೆ ಮುಟ್ಟಿದರೆ ಹಳ್ಳಿ ನಿನ್ನದು, ಇಲ್ಲವಾದರೆ ಅದನ್ನು ಶಾಶ್ವತವಾಗಿ ಆ ಇನ್ನೊಬ್ಬನಿಗೆ ಬರೆದುಬಿಡುತ್ತೇನೆ ಎಂದರು. ಗೆರ್ವೇಸಣ್ಣ ಮನೆಗೆ ಬಂದು ಗಿನಿಕೋಳಿಗಳ ಕ್ಷಮೆ ಕೇಳಿ, ಗಾಡಿಯನ್ನು ಕತ್ತೆಗಾಡಿಗೆ ಏರಿಸಿ ಅತುಬಿಗನ ಬಳಿಗೆ ಒಯ್ದ.

ಅತುಬಿಗ ಜಿರಾಪಾ ದಾರಿಯ ಮೆಕ್ಯಾನಿಕ್. ಒಳ್ಳೆಯ ಕೈ. ಆದರೆ ಫ್ರಾಫ್ರಾ ಜನದವನು, ನಾವು ದಗಾಬರು. ನಮಗೂ ಅವರಿಗೂ ಅಜ್ಜಂದಿರ ಕಾಲದಿಂದ ಹಾಸ್ಯದ ನಂಟು. ಅವರು ನಮ್ಮನ್ನು ಏನು ಬೇಕಾದರೂ ಅನ್ನಬಹುದು, ಎಷ್ಟು ಬೇಕಾದರೂ ಸುಳ್ಳು ಹೇಳಬಹುದು, ನಾವೂ ಹಾಗೆಯೇ. ಸಿಟ್ಟು ಮಾಡಿಕೊಂಡವನೇ ತಪ್ಪಿತಸ್ಥ. ನಮ್ಮ ಮನೆಯಲ್ಲಿ ಸಾವಾದರೂ ಫ್ರಾಫ್ರಾದವನು ಬಂದು ಹೆಣವನ್ನು ಅಡ್ಡಗಟ್ಟಿ, ಏನಾದರೂ ಕೊಟ್ಟರೇ ಬಿಡುವುದು.

ಅತುಬಿಗ ಗಾಡಿಯ ಸುತ್ತ ಒಂದು ಸುತ್ತು ಬಂದ. ಟ್ಯಾಂಕಿಗೆ ಕಿವಿಯಿಟ್ಟು ಕೇಳಿದ. ಆಮೇಲೆ ತಲೆಯ ಟೋಪಿ ತೆಗೆದ.

"ಯಾವಾಗ ಹೋದ್ರು?"

"ಸತ್ತಿಲ್ಲ ಕಣೋ ನಾಯಿತಲೆ ಕಳ್ಳ, ಮಲಗಿದೆ."

"ಪಾಪ, ನಿಮ್ಮ ಕಡೆಯೋರು ಹೀಗೇನೇ. ಹೆಣ ನೊಣ ಕರೆಯೋವರೆಗೂ ಮಲಗಿದೆ ಅಂತಾನೇ ಅಂತೀರಿ."

ಅಷ್ಟಕ್ಕೇ ಬಿಡಲಿಲ್ಲ. ಗಾಡಿಯನ್ನು ಎರಡು ಡ್ರಮ್ಮಿನ ಮೇಲೆ ನೆಟ್ಟಗೆ ಕೂರಿಸಿ, ಸತ್ತ ಹಿರಿಯರಿಗೆ ಹೊದಿಸುವ ಹಾಗೆ ಪಟ್ಟೆಪಟ್ಟೆ ಬಟ್ಟೆ ಹೊದಿಸಿದ. ಎದುರು ಮನೆಯ ಮರದ ವಾದ್ಯದವನನ್ನು ಕರೆದು ಸಾವಿನ ಬಡಿತ ಬಾರಿಸಲು ಹೇಳಿದ. ಸಂತೆಗೆ ಹೊರಟಿದ್ದ ಹೆಂಗಸರು ಯಾರ ಮನೆಯ ಸಾವೆಂದು ಕೇಳದೆ ನಿಂತು ಅತ್ತು ಮುಂದೆ ಹೋದರು. ಗೆರ್ವೇಸಣ್ಣ ಒಂದು ಗಿನಿಕೋಳಿ, ಒಂದು ಮಡಕೆ ಪೀಟೋ ಎಂಬ ಜೋಳದ ಹೆಂಡ ಕೊಟ್ಟ ಮೇಲೆಯೇ ಅತುಬಿಗ ಸ್ಪ್ಯಾನರ್ ಮುಟ್ಟಿದ್ದು. ಆ ಗಿನಿಕೋಳಿ ಸೀಟಿನಲ್ಲಿ ಹುಟ್ಟಿದ್ದೇ. ಹಾಗಾಗಿ ಹೆಣವೇ ತನ್ನ ಬಿಡುಗಡೆಯ ಖರ್ಚು ಕೊಟ್ಟಿತು ಎಂದು ಅತುಬಿಗನ ಲೆಕ್ಕ.

ಇದನ್ನೆಲ್ಲ ನನಗೆ ಹೇಳಿದವನು ಅತುಬಿಗನೇ. ನಾನು ದಗಾಬ ಹೆಂಗಸು, ಅರ್ಧವನ್ನಷ್ಟೇ ನಂಬಿದ್ದೇನೆ. ಉಳಿದರ್ಧವನ್ನು ಅವನ ಹೆಂಡತಿ ಖಚಿತಪಡಿಸಿದಳು. ಅವಳು ನಮ್ಮ ಕಡೆಯವಳು.

ಕೆಲಸ ಮಾತ್ರ ಶ್ರದ್ಧೆಯದು. ಹೊಗೆ ಕೊಳವೆಯೊಳಗಿಂದ ಹುಲ್ಲು, ಪುಕ್ಕ, ಕೊನೆಗೆ ಒಂದು ಮೊಟ್ಟೆಯೂ ಬಂತಂತೆ. ಗರಿಗಳ ಭಾನುವಾರದ ಹಿಂದಿನ ದಿನ ಎಂಜಿನ್ ಕೆಮ್ಮಿ, ಉಗುಳಿ, ಓಡಿತು. ಗೆರ್ವೇಸಣ್ಣ ಅಲ್ಲೇ ಮಂಡಿಯೂರಿದ. ಆಗ ಅತುಬಿಗ ಒಂದು ಮಾತು ಹೇಳಿದ.

"ನಾಳೆ ತಗೊಂಡು ಹೋಗ್ಬೇಡಿ. ಆಕ್ಸಿಲರೇಟರಿಗೆ ಸೈಕಲ್ ತಂತಿ ಹಾಕಿದೀನಿ, ಅದು ಸಿಕ್ಕಿಕೊಳ್ಳುತ್ತೆ. ಬ್ರೇಕೂ ಇಲ್ಲ. ಆರಿಸೋ ಕೀಲಿನೂ ಇಲ್ಲ, ವೈರ್ ನೇರ ಕೊಟ್ಟಿದೀನಿ. ಕುಮಾಸಿ ಲಾರಿ ಮಂಗಳವಾರ ಸಾಮಾನು ತರುತ್ತೆ."

ಗೆರ್ವೇಸಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ಇಷ್ಟು ಗಂಭೀರ ಮುಖ ಮಾಡಿ ಸುಳ್ಳು ಹೇಳುವ ಫ್ರಾಫ್ರಾದವನನ್ನು ಅವನು ಅದುವರೆಗೆ ಕಂಡಿರಲಿಲ್ಲ. ನಮ್ಮಮ್ಮನ ಆಣೆ ಎಂದು ಅತುಬಿಗ ಹೇಳಿದಾಗ ಇನ್ನೂ ಹೆಚ್ಚು ನಕ್ಕ. ಕಣ್ಣೊರೆಸಿಕೊಂಡು ಗಾಡಿ ಏರಿ ಹೊರಟೇಹೋದ. ಮನೆಯವರೆಗಿನ ದಾರಿ ಏರು, ಗಾಡಿ ಅಂಗಳದಲ್ಲಿ ತಾನಾಗಿಯೇ ಉಸಿರು ಕಟ್ಟಿ ನಿಂತಿತು. ಅವನಿಗೆ ಬ್ರೇಕಿನ ನೆನಪೇ ಬರಲಿಲ್ಲ.

ಬೂಪಾರೆಗೆ ದಾರಿ ಇಳಿಜಾರು.

ನಾವು ಹೆಂಗಸರು ಪ್ರಾರ್ಥನೆ ಮನೆಯ ಗೋಡೆಗೆ ಸಾರಿಸಲು ಕಲಸಿದ ಮಣ್ಣಿನ ಗುಂಡಿಯ ಪಕ್ಕ, ಕೈಯಲ್ಲಿ ತಾಳೆಗರಿ ಹಿಡಿದು ಸಾಲಾಗಿ ನಿಂತಿದ್ದೆವು. ಸದ್ದು ಕೇಳಿದೊಡನೆ ಹಾಡು ಎತ್ತಿದೆವು. ಗೆರ್ವೇಸಣ್ಣ ಬಂದ. ಅದೇನೂ ವೇಗವಲ್ಲ, ಬೆದರಿದ ಮೇಕೆಯ ಓಟದಷ್ಟು. ನಾವು ಗರಿ ಬೀಸಿದೆವು, ಅವನೂ ಕೈ ಬೀಸಿದ, ಮತ್ತು ನಮ್ಮ ನಡುವೆ ಹಾದು ಹೋಗಿಬಿಟ್ಟ.

ಆಚೆಯ ದೊಡ್ಡ ಬೋಬಾಬ್ ಮರವನ್ನು ಸುತ್ತಿ ಮತ್ತೆ ಬಂದ. ಮತ್ತೆ ಹೋದ.

ಅಜ್ಜಿ ಬೆಜೂರೆ, "ಸಮಾಧಾನವಾಗಿ ಬರ್ತಾರೆ, ನೀವು ಹಾಡ್ರೇ" ಎಂದಳು.

ಮೂರನೆಯ ಸಲ ಹತ್ತಿರ ಬಂದಾಗ ಕೂಗಿ ಹೇಳಿದ: "ಇದು ನಿಲ್ಲಲ್ಲ. ಆ ನಾಯಿತಲೆ ನಿಜ ಹೇಳಿದ್ದ."

ಕ್ಲಚ್ ಹಿಡಿದರೆ ಎಂಜಿನ್ ಹೆರಿಗೆ ನೋವಿನವರ ಹಾಗೆ ಕಿರುಚುತ್ತಿತ್ತು, ಹೆದರಿ ಬಿಟ್ಟುಬಿಡುತ್ತಿದ್ದ. ಆದರೆ ಅವನು ಬಂದದ್ದು ಪ್ರಾರ್ಥನೆಗೆ. ಮುಂದಿನ ಸುತ್ತಿಗೆ, "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂದು ಹೇಳುತ್ತ ಹಾದುಹೋದ. ನಾವು ಮುಂದಿನ ಸಾಲು ಹೇಳಿ ಕಾದೆವು. ಮರ ಸುತ್ತಿ ಬಂದು ಅನುದಿನದ ಆಹಾರ ಕೇಳಿದ. ಆ ನಡುವೆಯೇ ಬೆಜೂರೆಯ ಮೇಕೆ ಹೇಗಿದೆಯೆಂದು ವಿಚಾರಿಸಿದ. ಈದಿದೆ ಎಂದು ಬೆಜೂರೆ ಅವನ ಬೆನ್ನಿಗೆ ಹೇಳಿದಳು. ಎಷ್ಟು ಮರಿ ಎಂದು ಮುಂದಿನ ಸುತ್ತಿನಲ್ಲಿ ಕೇಳಿದ. ಎರಡು ಎಂದು ಕೇಳಿಸಿಕೊಳ್ಳಲು ತಿರುಗಿದವನೇ ದಾರಿ ತಪ್ಪಿ ನೇರ ಮಣ್ಣಿನ ಗುಂಡಿಗೆ ಇಳಿದ.

ಎಂಜಿನ್ ಗುಳುಗುಳು ಎಂದು ಆರಿತು. ಯಾರೂ ನಗಲಿಲ್ಲ, ಪ್ರಾರ್ಥನೆ ಮುಗಿದಿರಲಿಲ್ಲ. ಗುಂಡಿಯಿಂದ ಮಣ್ಣಿನ ತಲೆಯೊಂದು ಎದ್ದು, "ಕೇಡಿನಿಂದ ನಮ್ಮನ್ನು ರಕ್ಷಿಸಿರಿ" ಎಂದಿತು. ಆಮೆನ್ ಎಂದೆವು. ನಕ್ಕದ್ದು ಆಮೇಲೆ.

ಸೋಮವಾರ ಫಾದರ್ ಬಂದು ಬೆಜೂರೆಯನ್ನೇ ಕೇಳಿದರು, ಗೆರ್ವೇಸ್ ಬಂದಿದ್ದನೋ ಇಲ್ಲವೋ ಎಂದು. ಬೆಜೂರೆ ಸುಳ್ಳು ಹೇಳುವವಳಲ್ಲ.

"ಬಂದಿದ್ರು ಫಾದರ್. ಅವತ್ತು ಅವರು ಬಂದಷ್ಟು ಸಲ ನಮ್ಮೂರಿಗೆ ಯಾರೂ ಬಂದಿಲ್ಲ."

ಹಳ್ಳಿ ಗೆರ್ವೇಸಣ್ಣನಿಗೇ ಉಳಿಯಿತು. ಮಂಗಳವಾರ ಲಾರಿ ಬಂತು, ಬ್ರೇಕೂ ಬಂತು. ಈಗ ಗಾಡಿಯ ವಿಷಯದಲ್ಲಿ ನಿಜ ಹೇಳುವುದಿದ್ದರೆ ಅತುಬಿಗ ಬಾಯಿ ಮುಚ್ಚಿ ನಿಲ್ಲುತ್ತಾನೆ, ಅವನ ಹೆಂಡತಿ ಒಳಗಿನಿಂದ ಬಂದು ಹೇಳುತ್ತಾಳೆ. ನಾವೂ ಪ್ರತಿ ಭಾನುವಾರ ಸದ್ದು ಕೇಳಿದೊಡನೆ ಎರಡು ಕಡೆಗೆ ಸರಿದು, ಗುಂಡಿಯವರೆಗೆ ದಾರಿ ಬಿಟ್ಟು ನಿಲ್ಲುತ್ತೇವೆ. ದೇವರ ಮೇಲೆ ನಂಬಿಕೆಯಿದೆ, ಬ್ರೇಕನ್ನು ಹಾಕಿದವನು ಮಾತ್ರ ಫ್ರಾಫ್ರಾದವನು.