ಕೈ ಕಟ್ಟಿ ನಿಲ್ಲುವ ಕೆಲಸ

ಆ ಮನೆಗೆ ಮೊದಲ ಸಲ ಬಂದವರಿಗೆಲ್ಲ ಆಕೆಯನ್ನು ಕಂಡರೆ ಮೈ ಉರಿಯುತ್ತದೆ. ಉರಿಯದೆ ಇನ್ನೇನು? ತಲೆಗೆ ಪೆಟ್ಟು ಬಿದ್ದು, ಆಸ್ಪತ್ರೆಯಿಂದ ಬದುಕಿ ಬಂದ ಹನ್ನೆರಡು ಜನ ಅಲ್ಲೇ ಇದ್ದುಕೊಂಡು ನಡೆಯುವುದು, ಉಣ್ಣುವುದು, ಮಾತಾಡುವುದನ್ನೆಲ್ಲ ಮತ್ತೆ ಮೊದಲಿಂದ ಕಲಿಯುತ್ತಿರುತ್ತಾರೆ. ಅವರಲ್ಲೊಬ್ಬರು ಅಂಗಿಯ ಗುಂಡಿಯೊಂದಿಗೆ ಕಾಲು ಗಂಟೆಯಿಂದ ಗುದ್ದಾಡುತ್ತಿದ್ದರೆ, ನೋಡಿಕೊಳ್ಳಬೇಕಾದ ಆಯಾ, ಐವತ್ತು ದಾಟಿದ ಗಟ್ಟಿ ಹೆಂಗಸು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಕಂಬದ ಹಾಗೆ ನಿಂತಿರುತ್ತಾಳೆ. ಜೊತೆಯವರು ಅವಳಿಗೆ ಕೈಕಟ್ಟಕ್ಕ ಎಂದೇ ಹೆಸರಿಟ್ಟಿದ್ದಾರೆ.

"ಸಂಬಳ ತಗೊಂಡು ಕೈ ಕಟ್ಟಿ ನಿಲ್ಲೋ ಭಾಗ್ಯ ಯಾರಿಗುಂಟು!" ಎಂದು ಅಡುಗೆಯವನು ದಿನಕ್ಕೊಮ್ಮೆಯಾದರೂ ಕೆಣಕುತ್ತಾನೆ.

"ಒಂದಿನ ನಿಂತು ನೋಡು, ಎಲ್ಲಿ ನೋಯುತ್ತೆ ಅಂತ ಗೊತ್ತಾಗುತ್ತೆ" ಅನ್ನುತ್ತಾಳೆ ಆಕೆ. ನೋಯುವುದು ಕಾಲಲ್ಲ, ಕೈ. ಎಡಗೈ ಮಣಿಕಟ್ಟನ್ನು ಬಲಗೈಯಲ್ಲಿ ಬಿಗಿಹಿಡಿದು ಹಿಡಿದು, ವಾಚು ಕಟ್ಟುವುದನ್ನೇ ಬಿಟ್ಟಿದ್ದಾಳೆ.

ಈ ವಿದ್ಯೆಯನ್ನು ಆಕೆ ಬಿಟ್ಟಿ ಕಲಿತದ್ದಲ್ಲ. ಹಿಂದೆ ಅತ್ತೆಗೆ ಲಕ್ವ ಹೊಡೆದಾಗ ಮೂರು ವರ್ಷ ತುತ್ತು ಮಾಡಿ ತಿನ್ನಿಸಿದಳು, ತಲೆ ಬಾಚಿದಳು, ಲೋಟ ಹಿಡಿದು ನೀರು ಕುಡಿಸಿದಳು. ಸೊಸೆ ಅಂದರೆ ಹೀಗಿರಬೇಕು ಎಂದು ಬೀದಿಗೆ ಬೀದಿಯೇ ಹೊಗಳಿತು. ಕೊನೆಗಾಲದಲ್ಲಿ ವ್ಯಾಯಾಮ ಮಾಡಿಸಲು ಬಂದ ಹುಡುಗಿಯೊಬ್ಬಳು ಅತ್ತೆಯ ಕೈ ಹಿಡಿದು ನೋಡಿ, "ಇದರಲ್ಲಿ ಶಕ್ತಿ ಇತ್ತಮ್ಮ. ನೀವೇ ಅದಕ್ಕೆ ಕೆಲಸ ಕೊಡ್ಲಿಲ್ಲ" ಎಂದಳು. ಬೀದಿಯವರ ಹೊಗಳಿಕೆಯೆಲ್ಲ ಒಂದೇ ಮಾತಿಗೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಅತ್ತೆ ತೀರಿಕೊಂಡ ವರ್ಷವೇ ಆಕೆ ಈ ಮನೆಯಲ್ಲಿ ಕೆಲಸಕ್ಕೆ ಸೇರಿದಳು. ಹದಿನಾಲ್ಕು ವರ್ಷವಾಯಿತು.

ಡ್ರೈವರಣ್ಣ ಬಂದದ್ದು ಹೋದ ವರ್ಷ. ಹತ್ತೊಂಬತ್ತು ವರ್ಷ ಬಸ್ಸು ಓಡಿಸಿ ಒಂದು ನಾಯಿಮರಿಗೂ ತಾಗಿಸದ ಮನುಷ್ಯ, ಮನೆಯಲ್ಲಿ ಬಲ್ಬು ಹಾಕಲು ಹೋಗಿ ಸ್ಟೂಲಿನಿಂದ ಬಿದ್ದ. ಏಳು ತಿಂಗಳಲ್ಲಿ ಕಾಲು ಬಂತು, ಮಾತು ಬಂತು, ತಮಾಷೆಯೂ ಬಂತು. ಬಾರದೆ ಉಳಿದದ್ದು ಒಂದೇ. ಹಚ್ಚಿದ ಗ್ಯಾಸ್ ಒಲೆಯನ್ನು ಆರಿಸುವುದು ಅವನಿಗೆ ನೆನಪಾಗುತ್ತಿರಲಿಲ್ಲ. ಟೀ ಸೋಸಿಕೊಂಡು, ಉರಿಯುವ ಒಲೆಯನ್ನು ಹಾಗೇ ಬಿಟ್ಟು, ಲೋಟ ಹಿಡಿದು ಹೊರಟುಬಿಡುತ್ತಿದ್ದ.

ಅದೊಂದೇ ಅವನನ್ನು ಅಲ್ಲಿ ಕಟ್ಟಿಹಾಕಿತ್ತು. ಹೆಂಡತಿ ಬೆಳಿಗ್ಗೆ ಹೊಲಿಗೆ ಕಾರ್ಖಾನೆಗೆ ಹೋದರೆ ಬರುವುದು ಸಂಜೆ. ಮಗಳು ಶಾಲೆಯಿಂದ ಬರುವುದು ನಾಲ್ಕಕ್ಕೆ. ಅಲ್ಲಿಯ ತನಕ ಮನೆಯಲ್ಲಿ ಅವನೊಬ್ಬನೇ. ಒಲೆ ಮುಟ್ಟಬೇಡ ಎಂದರೆ ಕೇಳುವ ಆಸಾಮಿಯೂ ಅಲ್ಲ, ಗಂಟೆಗೊಂದು ಟೀ ಬೇಕು. ಟೀ ಮಾಡಿ ಒಲೆ ಆರಿಸಿ ತೋರಿಸಿದರೆ ಮನೆಗೆ, ಇಲ್ಲವಾದರೆ ಇಲ್ಲೇ ಎಂದು ಡಾಕ್ಟರ್ ಕಡ್ಡಿ ಮುರಿದಂತೆ ಹೇಳಿದ್ದರು.

ಕೈಕಟ್ಟಕ್ಕ ಎರಡು ತಿಂಗಳು ದಿನಾ ಅವನ ಎದುರು ನಿಂತಳು. ಬಾಯಿ ಬಿಡಲಿಲ್ಲ, ಬೆರಳು ತೋರಿಸಲಿಲ್ಲ. ಬರಬರುತ್ತ ಅವನು ಒಲೆ ಆರಿಸತೊಡಗಿದ. ಪರೀಕ್ಷೆಯ ದಿನ ಡಾಕ್ಟರ್ ಬಂದರು, ರಜೆ ಹಾಕಿ ಹೆಂಡತಿ ಬಂದಳು. ಅವನ ಬಟ್ಟೆಬರೆ ತುಂಬಲು ಖಾಲಿ ಚೀಲವನ್ನೂ ತಂದಿದ್ದಳು.

ಡ್ರೈವರಣ್ಣ ಟೀ ಕುದಿಸಿದ, ಸೋಸಿದ, ಲೋಟ ಎತ್ತಿದ. ಎತ್ತಿ ಒಂದು ಕ್ಷಣ ಕೈಕಟ್ಟಕ್ಕನ ಮುಖ ನೋಡಿದ. ಆಮೇಲೆ ಲೋಟ ಕೆಳಗಿಟ್ಟು ಒಲೆ ಆರಿಸಿದ. ಎಲ್ಲರೂ ಚಪ್ಪಾಳೆ ಹೊಡೆದರು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಕೈಕಟ್ಟಕ್ಕ ಮಾತ್ರ ಚಪ್ಪಾಳೆ ಹೊಡೆಯಲಿಲ್ಲ. ಅವನು ನೋಡಿದಾಗ ತನ್ನ ಕಣ್ಣು ಎಲ್ಲಿತ್ತು ಎಂದು ಅವಳಿಗೆ ಆಗಷ್ಟೇ ಹೊಳೆದಿತ್ತು. ಒಲೆಯ ಮೇಲಿತ್ತು. ಎರಡು ತಿಂಗಳಿಂದ ದಿನವೂ ಅಲ್ಲೇ ಇದ್ದಿರಬೇಕು. ಹಿಂದೆ ಬರುವ ಗಾಡಿಯನ್ನು ಕನ್ನಡಿಯಲ್ಲೇ ಅಳೆದ ಡ್ರೈವರಿಗೆ ಒಬ್ಬ ಆಯಾಳ ಮುಖ ಓದುವುದು ಯಾವ ಮಹಾ ಕಷ್ಟ?

ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಾನಾಗಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ, ಹೇಳಲಾರೆ. ಆಕೆ ಸುಮ್ಮನಿರಲಿಲ್ಲ.

"ಡಾಕ್ಟ್ರೇ, ಇದು ಲೆಕ್ಕಕ್ಕಿಲ್ಲ. ನನ್ನ ಮುಖ ನೋಡಿ ಆರಿಸಿದ್ರು" ಎಂದಳು.

"ನೀವು ಏನೂ ಹೇಳ್ಲಿಲ್ಲವಲ್ಲ?"

"ಬಾಯಿ ಹೇಳ್ಲಿಲ್ಲ, ಕಣ್ಣು ಹೇಳಿಬಿಡ್ತು. ನಾನು ಹೊರಗೆ ಹೋಗ್ತೀನಿ. ಇನ್ನೊಂದು ಸಲ ಮಾಡಿಸಿ."

ಮಾಡಿಸಿದರು. ಡ್ರೈವರಣ್ಣ ಟೀ ಸೋಸಿಕೊಂಡು, ಹಿಂದೆ ನೀಲಿ ಉರಿ ಹಾಗೇ ಉರಿಯುತ್ತಿರಲು, ನಗುನಗುತ್ತ ಲೋಟ ಹಿಡಿದು ಹೊರಗೆ ಬಂದ. ಹೊರಗೆ ನಿಂತ ಕೈಕಟ್ಟಕ್ಕನಿಗೆ ಅವನ ನಗು ನೋಡಲಾಗಲಿಲ್ಲ.

ಹೆಂಡತಿಗೆ ಕೈಗೆ ಬಂದ ತುತ್ತು ಬಾಯಿಗೆ ಬಾರದ ಹಾಗಾಯಿತು. ಖಾಲಿ ಚೀಲ ಮಡಚುತ್ತ, "ನೀವು ಸುಮ್ಮನಿದ್ದಿದ್ರೆ ಇವತ್ತು ಮನೆಗೆ ಹೋಗ್ತಿದ್ವಿ. ನಿಮ್ಮ ಗಂಟೇನು ಹೋಗ್ತಿತ್ತು?" ಎಂದು ಎಲ್ಲರೆದುರೇ ಸಿಡುಕಿದಳು.

"ತಪ್ಪು ನಂದೇ ಕಣಮ್ಮ. ಎರಡು ತಿಂಗಳು ದಂಡ ಮಾಡಿದೆ. ಆದ್ರೆ ಮನೇಲಿ ಒಲೆ ಹತ್ರ ನನ್ನ ಮುಖ ಇರಲ್ಲವಲ್ಲ" ಎಂದಳು ಕೈಕಟ್ಟಕ್ಕ. ಹೆಂಡತಿ ಮಡಚಿದ ಚೀಲ ಕಂಕುಳಲ್ಲಿ ಇರುಕಿಕೊಂಡು ಹೊರಟುಹೋದಳು.

ಮರುದಿನದಿಂದ ಆಕೆ ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಳು. ಬೆನ್ನು ಅವನಿಗೆ, ಕಿವಿ ಒಲೆಗೆ. "ಮೇಷ್ಟ್ರು ನಿಲ್ಲಿಸಿದ್ರಾ?" ಎಂದು ಅಡುಗೆಯವನು ನಕ್ಕ. ಮೊದಲ ವಾರ ದಿನವೂ ಒಲೆ ಉರಿಯುತ್ತಲೇ ಉಳಿಯಿತು. ಬರೀ ಕಾಯುವುದರಿಂದ ಇದು ಆಗದು, ಕಾಯುವುದಕ್ಕೂ ಒಂದು ದಾರಿ ಬೇಕು ಅನಿಸಿತು ಅವಳಿಗೆ.

ಒಂದು ಮಧ್ಯಾಹ್ನ ಜಗಲಿಯಲ್ಲಿ ಪಕ್ಕ ಕೂತು ಕೇಳಿದಳು. "ಡ್ರೈವರಣ್ಣ, ಬಸ್ಸು ತಂದು ಡಿಪೋದಲ್ಲಿ ನಿಲ್ಲಿಸಿದ್ಮೇಲೆ ಏನು ಮಾಡ್ತಿದ್ರಿ?"

"ಹ್ಯಾಂಡ್‌ಬ್ರೇಕು. ಕೀ ಆಫ್. ಕೀ ಜೇಬಿಗೆ. ಆಮೇಲೇ ಇಳಿಯೋದು" ಎಂದ ಅವನು, ತಡವರಿಸದೆ.

"ಯಾವತ್ತಾದ್ರೂ ಕೀ ಮರೆತು ಇಳಿದಿದ್ದೀರಾ?"

"ಏನಕ್ಕ ಇದು! ಹತ್ತೊಂಬತ್ತು ವರ್ಷ!" ಅವನಿಗೆ ಸಿಟ್ಟೇ ಬಂತು.

"ಹಾಗಾದ್ರೆ ಒಲೆ ಬಿಟ್ಟು ಯಾಕೆ ಸುಮ್ನೆ ಇಳಿದುಬಿಡ್ತೀರಿ?"

ಅವನು ತನ್ನ ಖಾಲಿ ಜೇಬನ್ನೊಮ್ಮೆ ಮುಟ್ಟಿ ನೋಡಿಕೊಂಡ. ಅವತ್ತಿನಿಂದ ಶುರುವಾಯಿತು. ಪಾತ್ರೆ ಇಳಿಸುವುದು ಹ್ಯಾಂಡ್‌ಬ್ರೇಕು, ತಿರುಪು ತಿರುಗಿಸುವುದು ಕೀ ಆಫ್, ಲೈಟರ್ ಜೇಬಿಗೆ. ಆಮೇಲೇ ಲೋಟ. ಒಂದು ದಿನ ಬಂತು, ಎರಡು ದಿನ ತಪ್ಪಿತು, ಮತ್ತೆ ಬಂತು. ಲೈಟರ್ ಮಾತ್ರ ದಿನವೂ ಅಡುಗೆಮನೆಯಿಂದ ಮಾಯ. "ಡ್ರೈವರಣ್ಣನ ಜೇಬು ನೋಡ್ರಪ್ಪಾ!" ಎಂದು ಅಡುಗೆಯವನು ದಿನಾ ಬೊಬ್ಬೆ ಹೊಡೆಯುತ್ತಿದ್ದ. ಹೀಗೆ ಒಂದೂವರೆ ತಿಂಗಳು ಕಳೆಯಿತು.

ಎರಡನೆಯ ಪರೀಕ್ಷೆಗೆ ಹೆಂಡತಿ ಚೀಲ ತಂದಿರಲಿಲ್ಲ. ಕೈಕಟ್ಟಕ್ಕ ಹೊರಗೆ ಹೊರಟರೆ ಡ್ರೈವರಣ್ಣನೇ, "ಇರಿ ಅಕ್ಕ, ಗೋಡೆ ನೋಡ್ಕೊಂಡು ಇಲ್ಲೇ ನಿಂತಿರಿ" ಎಂದ. ಡಾಕ್ಟರ್ ಮತ್ತು ಹೆಂಡತಿ ಬಾಗಿಲಾಚೆ ಅವನಿಗೆ ಕಾಣದಂತೆ ನಿಂತರು.

ಆಕೆ ಕೇಳಿಸಿಕೊಳ್ಳುತ್ತ ನಿಂತಳು. ಹಾಲು ಉಕ್ಕಿ ಬಂದ ಸದ್ದು. ಸೋಸಿದ ಸದ್ದು. ಲೋಟ ಕಟ್ಟೆಯ ಮೇಲೆ ಎಳೆದ ಸದ್ದು. ಆಮೇಲೆ ಏನೂ ಇಲ್ಲ, ಒಲೆಯ ಸುಯ್ಯೆನ್ನುವ ಉರಿಯೊಂದೇ. ಮಣಿಕಟ್ಟನ್ನು ಎಷ್ಟು ಬಿಗಿ ಹಿಡಿದಳೆಂದರೆ ಬೆರಳಿನ ಗುರುತು ಮೂಡಿತು. ತಿರುಗಬೇಕು, ಒಂದೇ ಒಂದು ಸಲ ತಿರುಗಿ ನೋಡಬೇಕು ಅನಿಸಿತು. ಅತ್ತೆಯ ಕೈ ನೆನಪಾಯಿತು. ತಿರುಗಲಿಲ್ಲ.

ಟಿಕ್ ಎಂದಿತು. ಸುಯ್ಯೆನ್ನುವುದು ನಿಂತಿತು.

"ತಿರುಗಿ ಅಕ್ಕ, ಟೀ ಆರ್ತಾ ಇದೆ" ಎಂದ ಡ್ರೈವರಣ್ಣ. ಎರಡು ಲೋಟ ಮಾಡಿದ್ದ. ಅಂಗಿಯ ಜೇಬಿನಿಂದ ಲೈಟರ್ ಇಣುಕುತ್ತಿತ್ತು. ಕೈಕಟ್ಟಕ್ಕ ಅತ್ತಳು, ಮುಚ್ಚುಮರೆಯಿಲ್ಲದೆ, ಲೋಟ ಕೈಯಲ್ಲಿ ಹಿಡಿದೇ ಅತ್ತಳು.

ಆ ವಾರವೇ ಅವನು ಮನೆಗೆ ಹೊರಟ. ಆಟೋ ಗೇಟಿನ ಹೊರಗೆ ಕಾಯುತ್ತಿತ್ತು. ಮೆಟ್ಟಿಲ ಮೇಲೆ ಕೂತು ಚಪ್ಪಲಿಯ ಪಟ್ಟಿ ಹಾಕಿಕೊಳ್ಳಲು ಹೋದವನ ಬೆರಳಿಗೆ ಪಟ್ಟಿ ಸಿಗಲಿಲ್ಲ. ಒಂದು ಸಲ ಜಾರಿತು, ಎರಡು ಸಲ ಜಾರಿತು. ಆಟೋದವನು ಹಾರ್ನ್ ಹೊಡೆದ. ಹೆಂಡತಿ ಚೀಲ ಕೆಳಗಿಟ್ಟು, ಹಾಕಿಕೊಡಲು ಬಗ್ಗಿದಳು. ಬಗ್ಗಿದವಳು ಬಾಗಿಲಲ್ಲಿ ನಿಂತ ಕೈಕಟ್ಟಕ್ಕನನ್ನು ನೋಡಿದಳು. ನೆಟ್ಟಗಾಗಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಗಂಡನಿಗೆ ಬೆನ್ನು ಹಾಕಿ ರಸ್ತೆಯ ಕಡೆ ತಿರುಗಿ ನಿಂತಳು.