ಕದ್ದದ್ದು ಯಾವುದ್ರಿ, ಸರ

ವಿಭೂತಿ ಹಚ್ಚಿಕೊಂಡು ದೇವರ ಮುಂದೆ ಕುಳಿತಾಗ ಆ ದಿನ ಸಿಕ್ಕ ಸಣ್ಣಪುಟ್ಟ ಒಳ್ಳೆಯದನ್ನು ಎಣಿಸುವುದು ನನ್ನ ರೂಢಿ. ನಳಕ್ಕೆ ನೀರು ಬಂತು, ಹಾಲು ಒಡೆಯಲಿಲ್ಲ, ಅತ್ತೆಯವರ ಮೊಣಕಾಲು ನೋವು ಇಳಿಯಿತು. ಇಷ್ಟೇ. ಕಳೆದ ವರ್ಷ ಮಾತ್ರ ಒಂದು ತಿಂಗಳು ಏನನ್ನೂ ಎಣಿಸಲಿಲ್ಲ. ಒಬ್ಬ ಮನುಷ್ಯನ ಮಾನ ನಾಲ್ಕು ಮಂದಿಯ ಮುಂದೆ ಹೋಗಲಿ ಎಂದಷ್ಟೇ ಬೇಡಿದೆ. ಅವರು ನನ್ನ ಮಗಳ ಕನ್ನಡ ಮಾಸ್ತರರು.

ನಾವಿರುವುದು ಇಳಕಲ್ಲಿನಲ್ಲಿ. ಮಗಳು ಆಗ ಒಂಬತ್ತನೆಯ ತರಗತಿ. ತಿಂಗಳಿಗೊಂದು ಪುಸ್ತಕ ಓದಿ ಅಭಿಪ್ರಾಯ ಬರೆಯಬೇಕು. ಚೆನ್ನಾಗಿ ಬರೆದವರು ಹುನಗುಂದದ ಸ್ಪರ್ಧೆಗೆ. ಮಗಳು ಓದಿದ ಕಾದಂಬರಿಯಲ್ಲಿ ಅತ್ತೆ ಕೆಟ್ಟವಳು, ಸೊಸೆ ಒಳ್ಳೆಯವಳು. ಅವಳು ಬರೆದಿದ್ದಳು: "ಇದರಲ್ಲಿ ಎಲ್ಲರೂ ಊಟ ಮಾಡುತ್ತಾರೆ. ಅತ್ತೆ ಉಂಡದ್ದು ಮಾತ್ರ ಒಂದು ಪುಟದಲ್ಲೂ ಇಲ್ಲ. ಹಸಿದವಳ ಸಿಟ್ಟನ್ನು ಬರೆದವರು ಕೆಟ್ಟತನ ಎಂದುಕೊಂಡಿದ್ದಾರೆ."

ಮಾಸ್ತರರು ಅದರ ಮೇಲೆ ಕೆಂಪು ಪೆನ್ನಿನಲ್ಲಿ "ಸ್ವಂತದ್ದಲ್ಲ, ಕದ್ದದ್ದು" ಎಂದು ಬರೆದು, ಅವಳನ್ನು ತರಗತಿಯ ಮುಂದೆ ನಿಲ್ಲಿಸಿದರಂತೆ.

"ಯಾರ್ ಬರದ್ ಕೊಟ್ರು ಹೇಳು. ನಿಮ್ಮವ್ವ ರೊಟ್ಟಿ ಬಡಿಯಾಕಿ, ಆಕಿಗಂತೂ ಇದು ಬರಂಗಿಲ್ಲ."

ಹುಡುಗರು ನಕ್ಕರಂತೆ. ಹುನಗುಂದದ ಪಟ್ಟಿಯಿಂದ ಅವಳ ಹೆಸರು ಹೋಯಿತು.

ನನ್ನನ್ನು ಅಂದದ್ದಿರಲಿ. ಮುಂದಿನ ತಿಂಗಳು ಮಗಳು ಪುಸ್ತಕ ತೆರೆಯಲೇ ಇಲ್ಲ.

"ಯಾಕ, ಓದೂದಿಲ್ಲೇನ?"

"ಓದಿ ಏನ್ ಮಾಡೂದೈತಿ ಅವ್ವಾ? ಸರ್ ಹಲಗಿ ಮ್ಯಾಲ ಬರದದ್ದು ಇಳಿಸಿಕೊಂಡ್ರ ಹತ್ತಕ್ಕ ಒಂಬತ್ತು."

ಆ ಸಂಜೆಯಿಂದಲೇ ದೇವರ ಮುಂದೆ ಎಣಿಸುವುದನ್ನು ಬಿಟ್ಟೆ. ಅವಳು ಬರೆದದ್ದನ್ನು ಅತ್ತೆಯವರಿಗೆ ಓದಿ ಹೇಳಿದೆ. ಅವರು "ಹುಡುಗಿ ಖರೆ ಬರದಾಳ. ಆ ಮಾಸ್ತರನ್ನ ಬಿಡಬ್ಯಾಡ" ಎಂದರು.

ಪಾಲಕರ ಸಭೆಗೆ ಬೇಗ ಹೋದೆ. ಎಲ್ಲರೂ ನೋಡಲೆಂದು ಮಕ್ಕಳ ನೋಟ್‌ಬುಕ್ಕುಗಳನ್ನು ಮೇಜಿನ ಮೇಲೆ ಒಟ್ಟಿದ್ದರು. ಒಂದೊಂದೇ ತೆರೆದೆ. ಮೇಲೆ ಪುಸ್ತಕದ ಹೆಸರು ಬೇರೆ ಬೇರೆ, ಕೆಳಗೆ ಎಲ್ಲದರಲ್ಲೂ ಹಲಗೆಯಿಂದ ಇಳಿಸಿಕೊಂಡ ಅದೇ ಸಾಲು. ಅಂದಿನ ಕೃಪೆ ನನಗೆ ಅಲ್ಲಿಯೇ ಸಿಕ್ಕಿತು.

ಸಭೆ ತುಂಬಿದ ಮೇಲೆ ತಲೆ ಮೇಲೆ ಸೆರಗು ಹೊದ್ದು ಎದ್ದು ನಿಂತೆ. ಮೂರು ಓದಿದೆ. ರಾಜನ ಕಥೆ ಓದಿದವರು "ಹಿರಿಯರನ್ನು ಗೌರವಿಸಬೇಕೆಂಬ ನೀತಿ ತಿಳಿಯಿತು" ಎಂದಿದ್ದರು. ದಾಳಿಂಬೆ ಬೆಳೆಯುವ ಪುಸ್ತಕಕ್ಕೂ ಅದೇ ನೀತಿ. ಹಾವುಗಳ ಪುಸ್ತಕಕ್ಕೂ ಅದೇ. ಅಷ್ಟರಲ್ಲಿ ಸಭೆ ನಗುತ್ತಿತ್ತು. ಆಮೇಲೆ ನನ್ನ ಮಗಳದ್ದನ್ನು ಓದಿದೆ. ಯಾರೂ ನಗಲಿಲ್ಲ.

"ಇದರಾಗ ಕದ್ದದ್ದು ಯಾವುದ್ರಿ, ಸರ?"

"ಮಾದರಿ ಅಂತ ಕೊಟ್ಟಿದ್ನಿರಿ ನಾ…"

"ಹಾವು ಯಾವ ಹಿರಿಯರನ್ನ ಗೌರವಿಸತೈತ್ರಿ?"

ಮಾಸ್ತರರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. ಮುಖ್ಯೋಪಾಧ್ಯಾಯಿನಿ ಪಟ್ಟಿ ತರಿಸಿ ಮಗಳ ಹೆಸರು ಬರೆದರು. ಮಾಸ್ತರರು ಕೆಂಪು ಸಾಲನ್ನು ಹೊಡೆದುಹಾಕಲು ಬಂದರು.

"ಹೊಡಿಬ್ಯಾಡ್ರಿ. ಅದು ಹಂಗ ಇರ್ಲಿ. ಅದರ ಕೆಳಗ, ಇದು ಆಕಿದ ಅಂತ ಬರದು ಸಹಿ ಮಾಡ್ರಿ."

ಅದೇ ಕೆಂಪು ಪೆನ್ನಿನಲ್ಲಿ ಮಾಡಿಸಿದೆ. ನನಗೆ ಹಿತವಾಯಿತು, ಸುಳ್ಳೇಕೆ ಹೇಳಲಿ.

ಮನೆಗೆ ಬಂದರೆ ಮಗಳು ಮುಖ ತಿರುಗಿಸಿ ಕುಳಿತಿದ್ದಳು. "ಹಾವಿನ ಪುಸ್ತಕದಾಕಿ ನನ್ನ ಬಾಜೂಕ ಕೂಡ್ತಾಳವ್ವಾ. ಹೊರಗ ನಿಂತು ಕೇಳಿದ್ವಿ, ಆಕಿ ಅತ್ಲು." ಅದು ನನ್ನ ತಪ್ಪು. ಮರುದಿನ ಶೇಂಗಾ ಹೋಳಿಗೆ ಮಾಡಿಕೊಂಡು ಆ ಹುಡುಗಿಯ ಮನೆಗೆ ಹೋಗಿ ತಪ್ಪಾಯಿತೆಂದೆ. ಮಾಸ್ತರರಿಗೆ ಏನೂ ಕೊಡಲಿಲ್ಲ.

ಹುನಗುಂದದಲ್ಲಿ ಬಹುಮಾನ ಬರಲಿಲ್ಲ. ಕೂಡಲಸಂಗಮಕ್ಕೆ ಹೋದಾಗ, ಮಾಸ್ತರರನ್ನು ಕ್ಷಮಿಸುವ ಮನಸ್ಸು ಕೊಡಪ್ಪಾ ಎಂದು ಒಮ್ಮೆ ಕೇಳಿದೆ. ಕೊಡಲಿಲ್ಲ. ಮತ್ತೆ ಕೇಳಿಲ್ಲ.

ಈ ತಿಂಗಳು ಮಗಳು ಎರಡು ಪುಸ್ತಕ ತಂದಿದ್ದಾಳೆ. ನಿನ್ನೆ ಹೊಸ್ತಿಲ ಬಳಿ ಕುಳಿತು ಬರೆಯುತ್ತಿದ್ದಳು. ನಾನು ಬಗ್ಗಿದ್ದೇ ತಡ, ಅಂಗೈಯಿಂದ ಮುಚ್ಚಿದಳು.

"ನೀ ನೋಡಬ್ಯಾಡ. ಮತ್ತ ಸಭಾದಾಗ ಓದಾಕಿ."

ಓದಬೇಕಾಗಿಯೂ ಇರಲಿಲ್ಲ. ಬೆರಳ ಸಂದಿಯಲ್ಲಿ ಕಂಡದ್ದು ಸಾಕು: ಒಂದೇ ಸಾಲನ್ನು ಮೂರು ಸಲ ಹೊಡೆದುಹಾಕಿ ನಾಲ್ಕನೆಯ ಸಲ ಬರೆಯುತ್ತಿದ್ದಳು.